ಟಿಕೋಟಾ ದಿನ್ನೆಯ ಬಳ್ಳಿ

ಸತ್ಯವ್ವ ಬಾಯಿಯವರು ಬಬಲೇಶ್ವರದ ಕೇರಿಯವರು. ತಂದೆ ಮರೆಪ್ಪ ರೈಲ್ವೆ ಗ್ಯಾಂಗಿನಲ್ಲಿ ಹಳಿ ರಿಪೇರಿ ಮಾಡುತ್ತಿದ್ದರು. ೧೯೫೯ರಲ್ಲಿ ಮಗಳು ಬಿ.ಎಸ್ಸಿ. ಮುಗಿಸಿದಾಗ ಆ ಕೇರಿಯಲ್ಲಿ ಪದವಿ ಪಡೆದ ಹೆಣ್ಣುಮಗಳು ಮತ್ತೊಬ್ಬಳಿರಲಿಲ್ಲ. ಮುಂದೆ ಓದಲು ಧಾರವಾಡಕ್ಕೆ ಹೋಗಬೇಕಿತ್ತು. ಅಷ್ಟರಲ್ಲಿ ತಂದೆ ತೀರಿಕೊಂಡರು; ತಾಯಿ ಪರಸವ್ವನನ್ನು ಒಬ್ಬಳನ್ನೇ ಬಿಡಲಾಗಲಿಲ್ಲ. ವಿಜಾಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಪ್ರಯೋಗ ಕಲಿಸುವ ಕೆಲಸಕ್ಕೆ ಸೇರಿದರು. ನಾನು ಅವರಲ್ಲಿ ಕಲಿತದ್ದು ಅಲ್ಲಿಯೇ; ಕಲಿಸುವ ಹೆಂಗಸರನ್ನು ನಮ್ಮ ಕಡೆ ಬಾಯಿ ಎನ್ನುತ್ತಾರೆ.

ರವಿವಾರ ಬಂತೆಂದರೆ ಗಿಡ ಒಣಗಿಸುವ ಎರಡು ಹಲಗೆ, ಹಳೆಯ ಪೇಪರಿನ ಕಟ್ಟು ಹಿಡಿದು ಬಸ್ಸು ಹತ್ತುತ್ತಿದ್ದರು. "ಯಾವ ಬ್ಯಾನಿಗೆ ಕೊಡ್ತೀರಿ ಈ ಔಷಧಾ?" ಎಂದು ಮರಳುವಾಗ ಕೈಯಲ್ಲಿನ ಗಿಡಗಳನ್ನು ನೋಡಿ ಬಸ್ಸಿನವರು ಕೇಳುತ್ತಿದ್ದರು.

೧೯೬೩ರ ಶ್ರಾವಣದಲ್ಲಿ ಟಿಕೋಟಾದಾಚೆಯ ಕಲ್ಲುದಿನ್ನೆಯ ಮೇಲೆ ಒಂದು ಸಣ್ಣ ಬಳ್ಳಿ ಕಂಡಿತು. ಬೆರಳುದ್ದದ ಹೂವು, ಒಳಗೆಲ್ಲ ನೇರಳೆ ಚುಕ್ಕೆ. ಅವರ ಯಾವ ಪುಸ್ತಕದಲ್ಲೂ ಅದು ಇರಲಿಲ್ಲ. ಅಲ್ಲೇ ಕುರಿ ಮೇಯಿಸುತ್ತಿದ್ದ ಹುಚ್ಚವ್ವನೆಂಬ ಮುದುಕಿ, "ಅದರ ಗಡ್ಡಿ ಸಿಹಿ ಇರ್ತೈತ್ರಿ ಬಾಯಾರ. ಹುಡುಗ್ರು ಅಗದು ತಿಂತಾವು" ಎಂದಳು.

ಒಣಗಿಸಿದ ಹೂಬಳ್ಳಿಯನ್ನು ಬಾಯಿ ಪುಣೆಯ ತಜ್ಞರಿಗೆ ಕಳಿಸಿದರು. ಇದು ಹೊಸದಿರಬಹುದು, ಆದರೆ ಕಾಯಿ, ಬೀಜ ನೋಡದೆ ಹೆಸರಿಡಲಾಗದು ಎಂದು ಉತ್ತರ ಬಂತು. ಕಾಯಿ ಕಟ್ಟುವ ಹೊತ್ತಿಗೆ ಕಾಲೇಜಿನಲ್ಲಿ ಪರೀಕ್ಷೆ, ರಜೆ ಸಿಗಲಿಲ್ಲ. ಒಂದು ಗಡ್ಡೆ ತಂದು ಕುಂಡದಲ್ಲಿ ಹಾಕಿದರು, ಕೊಳೆತುಹೋಯಿತು. ಮರುವರ್ಷ ಆಡುಗಳು ಬಳ್ಳಿಯನ್ನು ಬುಡದವರೆಗೂ ತಿಂದಿದ್ದವು.

ಮೂರನೆಯ ವರ್ಷ ಹುಚ್ಚವ್ವನೇ ಜಾಲಿಮುಳ್ಳು ಕಡಿದು ತಂದು ಸುತ್ತಲೂ ಬೇಲಿ ಹಾಕಿಕೊಟ್ಟಳು. ಅದು ೧೯೬೫. ಮಳೆ ಎರಡು ಸಲ ಬಂದು ನಿಂತುಬಿಟ್ಟಿತು. ಆದರೂ ಹದಿನೇಳು ಬಳ್ಳಿ ಎದ್ದವು, ಸೂಜಿಯಂಥ ಎಳೆಗಾಯಿ ಬಿಟ್ಟವು. "ಇನ್ನ ಹದಿನೈದು ದಿನಾ ಕಾಯ್ಬೇಕು. ಮುಮತಾಜ, ನೀನೂ ಬಾ" ಎಂದು ಬಾಯಿ ನನ್ನನ್ನು ಕರೆದರು.

ಹೋದೆವು. ಬೇಲಿ ಸರಿದಿತ್ತು. ಒಳಗೆ ಬರೀ ಅಗೆದ ಕುಣಿಗಳು. ಕಿತ್ತೆಸೆದ ಬಳ್ಳಿಗಳು ಬಿಸಿಲಿಗೆ ಸುಟ್ಟು ಕರಕಾಗಿದ್ದವು. ಎಳೆಗಾಯಿಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಬಾಯಿ ಮಂಡಿಯೂರಿ ಒಂದೊಂದೇ ಕುಣಿಯ ಮಣ್ಣನ್ನು ಕೈಯಿಂದ ತೋಡಿ ನೋಡಿದರು. ಏನೂ ಸಿಗಲಿಲ್ಲ.

ಹುಚ್ಚವ್ವ ದೂರದಲ್ಲೇ ನಿಂತಿದ್ದಳು, ಹತ್ತಿರ ಬರಲಿಲ್ಲ. ಬಾಯಿಯೇ ಎದ್ದು ಅವಳ ಬಳಿಗೆ ಹೋದರು.

"ನಾನಽ ಅಗದೇನ್ರಿ" ಎಂದಳು. "ಮನ್ಯಾಗ ನಾಕ ದಿನದಿಂದ ಒಲಿ ಹಚ್ಚಿಲ್ಲ. ಮೊಮ್ಮಗಳು ಅಳೂದೂ ಬಿಟ್ಟಿತ್ತು. ನಿಮ್ಮ ಗಿಡಾ ಅಂತ ಗೊತ್ತಿತ್ತು ಬಾಯಾರ... ಏನ್ ಮಾಡ್ಲಿ?"

ಬಾಯಿ ಕೈಯ ಮಣ್ಣು ಕೊಡವಿಕೊಂಡು, "ಕೂಸು ಹೆಂಗೈತಿ ಯವ್ವಾ?" ಎಂದು ಕೇಳಿದರು.

"ಅದಾಳ್ರಿ."

ನಾವು ಕಟ್ಟಿಕೊಂಡು ಹೋದ ರೊಟ್ಟಿಯನ್ನು ಅವಳ ಕೈಗಿಟ್ಟು ಬಸ್ಸಿಗೆ ಬಂದೆವು. ದಾರಿಯುದ್ದಕ್ಕೂ ಬಾಯಿ ಉಗುರಿನ ಸಂದಿಯ ಮಣ್ಣು ತೆಗೆಯುತ್ತ ಕೂತಿದ್ದರು. ಆ ಗಿಡ ಈಗ ಅಲ್ಲಿಲ್ಲ ಎಂದಷ್ಟೇ ಪುಣೆಗೆ ಬರೆದರು. ಕಾರಣ ಬರೆಯಲಿಲ್ಲ. ಅಲ್ಲಿಂದಲೂ ಮತ್ತೆ ಕಾಗದ ಬರಲಿಲ್ಲ.

ಆಮೇಲೆ ಪ್ರತಿ ಶ್ರಾವಣದಲ್ಲೂ ಬಾಯಿ ಆ ಬಳ್ಳಿ ಹುಡುಕುತ್ತ ಕಾಖಂಡಕಿ, ಇಟ್ಟಂಗಿಹಾಳ, ಕನಮಡಿಯ ದಿನ್ನೆಗಳನ್ನೆಲ್ಲ ತಿರುಗಿದರು. ೧೯೬೯ರಲ್ಲಿ ಮದುವೆಯಾಗಿ ಊರು ಬಿಡುವ ಮುನ್ನ ನಾನು ಹೇಳಿಹೋಗಲು ಅವರ ಮನೆಗೆ ಹೋದೆ. ಆಗತಾನೇ ಕನಮಡಿಯಿಂದ ಬಂದು, ಅಂಗಾಲಿನ ಮುಳ್ಳು ತೆಗೆಯುತ್ತಿದ್ದರು.

"ಈ ವರ್ಷಾನೂ ಸಿಗಲಿಲ್ಲ ಬೇ" ಎಂದರು.