ಅಂಗಮ್ಮನ ಸೊಂಟದ ಬೇರು

ಗುಡಿಯ ಕಡೆಯಿಂದ ಕೈಡಮರು ಉಡುಕ್ಕೆ ಎರಡು ಸಲ ಗುಡುಗಿ ನಿಂತಿತು. ಪೂಜಾರಿ ಲಿಂಗಪ್ಪನ್ ಅದರ ಚರ್ಮ ಬಿಗಿಯುತ್ತಿದ್ದಾನೆ. ಮೂರನೆಯ ಸಲ ಮೊಳಗಿದರೆ ಅಂಗಮ್ಮ ಹೋಗಲೇಬೇಕು. ಇಪ್ಪತ್ತು ವರ್ಷದಿಂದ ವೆಳ್ಳಕೋಯಿಲ್ ಸುತ್ತಿನ ಹೊಲದವರು ಪ್ರತಿ ಶುಕ್ರವಾರ ಅವಳ ಬಾಯಲ್ಲಿ ದೇವಿಯ ಮಾತು ಕೇಳುತ್ತಿದ್ದರು.

ಜಗಲಿಯ ಮೇಲೆ ಕೊಯಮತ್ತೂರಿನ ಕಾಲೇಜು ಮೇಷ್ಟ್ರು ವ್ಯಾಸರಾಯರು ಪೊಟ್ಟಣ ಬಿಚ್ಚಿದರು. ಜನರ ಆಚಾರಗಳನ್ನು ಊರೂರು ತಿರುಗಿ ಬರೆದುಕೊಳ್ಳುವವರು. ಹೊರದೇಶದ ವಿಜ್ಞಾನಿಗಳು ಅಣಬೆ, ಬೇರು ತಿಂದು ಬೇರೊಂದು ಲೋಕ ಕಂಡಿದ್ದರಂತೆ, ಆ ಪ್ರಯೋಗಗಳನ್ನು ಸರ್ಕಾರಗಳು ನಿಲ್ಲಿಸಿಬಿಟ್ಟವಂತೆ. ಒಂದು ಗಳಿಗೆ ಎಲ್ಲರೂ ಆ ಲೋಕ ಕಂಡರೆ ಜಾತಿ, ಜಗಳ ಉಳಿಯುವುದಿಲ್ಲವೆಂದು ಅವರ ನಂಬಿಕೆ.

"ನೀವು ಕೊಟ್ಟ ಬೇರೇ ಅಮ್ಮಾ. ಒಣಗಿಸಿ ಪುಡಿ ಮಾಡಿದ್ದೀನಿ. ಇವತ್ತು ನಾನೂ ತಿಂತೀನಿ."

ಅಂಗಮ್ಮ ಬಾಗಿ ಪುಡಿಯನ್ನು ನೋಡಿದಳು. ದೇವಿ ಬರುವ ಮುನ್ನ ತಾನು ಬಾಯಲ್ಲಿಡುವ ಬೇರಿನ ಗುಟ್ಟು ಕೇಳಿದವರಿಗೆ ಕಣ್ವಲಿ ಗೆಡ್ಡೆಯ ತುಂಡು ಕೊಡುವುದು ಅತ್ತೆಯ ಕಾಲದ ವಾಡಿಕೆ. ತಿಂದರೆ ಸಾವೆಂದು ಇಲ್ಲಿ ಕುರಿ ಕಾಯುವವರಿಗೂ ಗೊತ್ತು. ಹೇಳುವುದಿಲ್ಲ, ಹೋಗು ಎಂದು ಅದರರ್ಥ. ನಕ್ಕು ಎಸೆದು ಹೋಗುತ್ತಾರೆ. ಇವರು ಮಾತ್ರ ಕಣ್ಣಿಗೊತ್ತಿಕೊಂಡಿದ್ದರು. ಪಟ್ಟಣದ ಮರ್ಯಾದೆಯಿರಬೇಕೆಂದು ಅವಳು ಸುಮ್ಮನಾಗಿದ್ದಳು.

"ವೇಣ್ಡಾ ಸಾರ್, ಬೇಡ! ಅದು ಕಣ್ವಲಿ ಕಿಳಂಗು. ವಿಷ."

"ಗುಟ್ಟು ಕಾಯೋರು ಎಲ್ಲ ಕಡೆ ಹೀಗೇ ಹೆದರಿಸ್ತಾರೆ. ಅದನ್ನೂ ಬರ್ಕೊಂಡಿದ್ದೀನಿ."

"ಬರ್ಕೊಂಡ್ರೆ ವಿಷ ಪಾಯಸ ಆಗ್ತದಾ?"

"ಹಾಗಾದ್ರೆ ನೀವು ಬಾಯಲ್ಲಿಟ್ಕೊಳ್ಳೋದೇನು?"

ಅವಳ ಕೈ ಸೊಂಟದ ಸಂಚಿಯ ಮೇಲೆ ಹೋಯಿತು. ಸಾಯುವಾಗ ಅತ್ತೆ ಆಣೆ ಹಾಕಿಸಿಕೊಂಡಿದ್ದಳು: ನಿನ್ನ ಹಿಂದೆ ಬರುವವಳಿಗಲ್ಲದೆ ಇದನ್ನು ಯಾರಿಗೆ ತೋರಿಸಿದರೂ ದೇವಿ ನಿನ್ನ ನಾಲಿಗೆಗೆ ಬರುವುದಿಲ್ಲ.

ವ್ಯಾಸರಾಯರು ಒಂದು ಚಿಟಿಕೆ ಪುಡಿ ತೆಗೆದು ಬಾಯಿಯ ಹತ್ತಿರ ತಂದರು.

ಅಂಗಮ್ಮ ಅವರ ಮಣಿಕಟ್ಟು ಹಿಡಿದಳು. ಇನ್ನೊಂದು ಕೈಯಿಂದ ಸೊಂಟದ ಸಂಚಿ ಬಿಚ್ಚಿ, ಬೆರಳುದ್ದದ ಬೇರನ್ನು ಅವರ ಮಡಿಲಿಗೆ ಹಾಕಿದಳು.

"ಮೂಸಿ ನೋಡಿ."

ಮೂಸಿದರು. ಮುಖದ ಬಣ್ಣವೇ ಇಳಿಯಿತು. "ಇದು ಬಜೆ. ನಮ್ಮಮ್ಮ ಕೂಸುಗಳಿಗೆ ತೇಯ್ದು ಹಾಕೋರು."

"ಅದೇ ವಸಂಬು. ನೀವು ಹುಡುಕೋದು ಇದ್ರಲ್ಲಿ ಒಂದೂ ಇಲ್ಲ."

ಅವರ ಬೆರಳು ಸಡಿಲವಾಯಿತು. ಅವಳು ಪುಡಿಯನ್ನು ಪೊಟ್ಟಣದ ಸಮೇತ ಒಲೆಗೆ ಹಾಕಿ, ಅವರ ಕೈಗೆ ಎರಡು ಚೊಂಬು ನೀರು ಹುಯ್ದಳು. ಅಷ್ಟರಲ್ಲಿ ಉಡುಕ್ಕೆ ಮೊಳಗಿತು. ಈ ಸಲ ನಿಲ್ಲಲಿಲ್ಲ.

"ಹಾಗಾದ್ರೆ ಆ ದೇವಿ ಮಾತು ಎಲ್ಲಿಂದ ಬರ್ತದೆ ಅಮ್ಮಾ?"

ಬರಿದಾದ ಸಂಚಿಯನ್ನು ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇವತ್ತು ಬರ್ತಾಳೋ ಇಲ್ಲವೋ, ನಂಗೇ ಗೊತ್ತಿಲ್ಲ ಸಾರ್. ಬಂದ್ರೆ ಕೇಳ್ತೀನಿ. ಬರದೆ ಹೋದ್ರೆ ಆ ಜನದ ಮುಂದೆ ನಾನು..." ಎನ್ನುತ್ತಲೇ ಅಂಗಮ್ಮ ಮೆಟ್ಟಿಲಿಳಿದು, ಸದ್ದಿನ ಕಡೆ ಬರಿಗಾಲಲ್ಲಿ ನಡೆದಳು.