‘ಸಾಕಾಯ್ತು’ ಅಂದರೆ ಮುಗಿಯಿತು ಅಂತಲ್ಲ

ಸಿಟ್ಟು ಬಂದರೆ ನಾನು ಬಾಯಿ ಮುಚ್ಚಿಕೊಂಡುಬಿಡುತ್ತೇನೆ ಎನ್ನುತ್ತಾರೆ ನಮ್ಮ ಮನೆಯವರು. ಸಾತನೂರಿನ ಆ ಹಸುವಿನ ವಿಷಯದಲ್ಲಿ ಮಾತ್ರ ಹಾಗಿರಲು ನನ್ನಿಂದ ಆಗಲಿಲ್ಲ.

ರಾಮನಗರದಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ, ಒಂದು ಕಟ್ಟಡದ ಮಹಡಿಯ ಮೇಲೆ ನಮ್ಮ ಆಫೀಸು. ಹಳ್ಳಿಗಳಿಗೆ ಹೋಗಿ ದನಕರು ನೋಡುವ ಖಾಸಗಿ ಡಾಕ್ಟರುಗಳಿಗೆ, ಯಾರು ಯಾವ ಮನೆಗೆ ಹೋಗಬೇಕೆಂದು ಕೆಲಸ ಹಂಚಿಕೊಡುವ ಸಾಫ್ಟ್‌ವೇರ್ ನಮ್ಮದು. ದನ ಸಾಕಿದವರು ಫೋನಿನಲ್ಲಿ ಮಾತಾಡಿ ಕಳಿಸುತ್ತಾರೆ. ಸಾಫ್ಟ್‌ವೇರಿನೊಳಗಿನ ಎಐ ಏಜೆಂಟ್ ಅದನ್ನು ಕೇಳಿಸಿಕೊಂಡು ಹೊಸ ಕೆಲಸ ಹಾಕುತ್ತದೆ, ತಡವಾದರೆ ಡಾಕ್ಟರಿಗೆ ನೆನಪಿಸುತ್ತದೆ, ಆದ ಕೆಲಸವನ್ನು ಮುಗಿಸುತ್ತದೆ. ಒಂದೊಂದಕ್ಕೂ ಒಂದೊಂದು ಟೂಲ್, ಏಜೆಂಟ್ ಒತ್ತುವ ಗುಂಡಿ ಇದ್ದ ಹಾಗೆ. ಯಾವ ಟೂಲನ್ನು ಯಾವಾಗ ಬಳಸಬೇಕು, ಯಾವಾಗ ಮುಟ್ಟಲೇಬಾರದು ಎಂದು ವಿವರಣೆ ಬರೆಯುವುದು ನನ್ನ ಕೆಲಸ. ಆ ವಿವರಣೆ ಬಿಟ್ಟರೆ ಏಜೆಂಟಿಗೆ ಬೇರೆ ದಿಕ್ಕಿಲ್ಲ. ಅದು ಸಾತನೂರು ಕಂಡಿಲ್ಲ, ಹಸು ಈಯುವುದನ್ನು ಕಂಡಿಲ್ಲ.

ಕೆಲಸ ಮುಗಿಸುವ ಟೂಲಿಗೆ ನಾನು ಹೀಗೆ ಬರೆದಿದ್ದೆ: ಡಾಕ್ಟರು ಬಂದು ನೋಡಿ ಹೋದರೆಂದು ಮನೆಯವರಾಗಲಿ ಡಾಕ್ಟರಾಗಲಿ ಹೇಳಿದಾಗ ಮಾತ್ರ ಇದನ್ನು ಬಳಸು. ಕಾದು ಬೇಸತ್ತು ‘ಸಾಕಾಯ್ತು’ ಎಂದರೆ ಬಳಸಬೇಡ, ಡಾಕ್ಟರಿಗೆ ನೆನಪಿಸುವ ಟೂಲ್ ಬಳಸು. ಅನುಮಾನವಿದ್ದರೆ ಮನೆಯವರನ್ನೇ ಕೇಳು.

ನಾನು ಬೆಳೆದದ್ದು ತಿಪ್ಪಸಂದ್ರದ ಕಡೆ. ನಮ್ಮವರು ಉಂಡು ಎದ್ದಾಗಲೂ ಸಾಕಾಯ್ತು ಎನ್ನುತ್ತಾರೆ, ಬಾರದ ಬಸ್ಸಿಗೆ ಕಾದು ಕಾಲು ನೋವು ಬಂದಾಗಲೂ ಎನ್ನುತ್ತಾರೆ. ಅದಕ್ಕೇ ಆ ಸಾಲು ಹಾಕಿದ್ದೆ.

ನಮ್ಮ ಮ್ಯಾನೇಜರ್ ಅದನ್ನು ಓದಿ ನಕ್ಕರು. “ಏನಮ್ಮಾ ಇದು, ಪುರಾಣ ಬರ್ದಿದೀಯ. ಎಐ ನಮಗಿಂತ ಬುದ್ಧಿವಂತ. ಒಂದು ಲೈನ್ ಸಾಕು.”

“ಬುದ್ಧಿ ಇರ್ಬೋದು ಸಾರ್. ಹೇಳ್ದೆ ಇರೋದು ಅದಕ್ಕೆ ಹೇಗೆ ಗೊತ್ತಾಗುತ್ತೆ?” ಎಂದೆ.

ಅವರು ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡರು. ನನ್ನ ಕಣ್ಣೆದುರೇ ಎಲ್ಲವನ್ನೂ ಅಳಿಸಿ ‘ಕೆಲಸವನ್ನು ಮುಗಿಸುತ್ತದೆ’ ಎಂದಷ್ಟೇ ಉಳಿಸಿದರು. ಅಳಿಸುವುದು ಬೇಡ ಎಂದು ಅವರಿಗೆ ಬರೆದು ಕಳಿಸಿದೆ. ಆದರೂ ಹಾಗೆಯೇ ಬಿಟ್ಟರು.

ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಸಾತನೂರಿನ ಹತ್ತಿರದ ಒಬ್ಬ ಹೆಂಗಸಿನ ಹಸು ಈಯಲಾರದೆ ಒದ್ದಾಡತೊಡಗಿತು. ಕರು ಹೊಟ್ಟೆಯೊಳಗೆ ಅಡ್ಡ ತಿರುಗಿತ್ತು. ಆಕೆ ಫೋನಿನಲ್ಲಿ ಹೇಳಿದರು, ಏಜೆಂಟ್ ಸರಿಯಾಗಿಯೇ ಡಾಕ್ಟರಿಗೆ ಕೆಲಸ ಹಾಕಿತು. ಡಾಕ್ಟರು ಕನಕಪುರದಿಂದ ಹೊರಟರು. ದಾರಿ ಕಾಯುತ್ತಿದ್ದ ಆಕೆ ಮತ್ತೆ ಫೋನ್ ಹಿಡಿದು, “ಕಾದೂ ಕಾದೂ ಸಾಕಾಯ್ತು ಕಣಪ್ಪ” ಎಂದರು. ಏಜೆಂಟ್ ಕೆಲಸ ಮುಗಿಸಿಬಿಟ್ಟಿತು.

ಮಧ್ಯಾಹ್ನ ಆ ಡಾಕ್ಟರು ನೇರ ನಮ್ಮ ಆಫೀಸಿಗೇ ಬಂದರು. ಹೆಲ್ಮೆಟ್ಟನ್ನು ಮ್ಯಾನೇಜರ್ ಮೇಜಿನ ಮೇಲೆ ಕುಕ್ಕಿದರು.

“ಸಾತನೂರು ಮುಟ್ಟೋಕೆ ಒಸಿ ದೂರ ಇತ್ತು. ಫೋನ್ ನೋಡಿದ್ರೆ ಮುಗ್ದೈತೆ ಅಂತ ಬಂತು. ಯಾರೋ ನೋಡವ್ರೆ ಅಂದ್ಕೊಂಡು ದೊಡ್ಡಆಲಹಳ್ಳಿ ಕೇಸ್‌ಗೆ ಹೊಂಟೋದೆ. ಆಯಮ್ಮ ನನ್ ನಂಬರ್ ಹುಡುಕಿ ಫೋನ್ ಮಾಡೋ ಹೊತ್ಗೆ ಕರು ಸತ್ತೋಗಿತ್ತು. ಹಸು ಉಳ್ಸೋದೇ ಕಷ್ಟ ಆಯ್ತು.”

ಮ್ಯಾನೇಜರ್ ಅವರಿಗೆ ಕಾಫಿ ತರಿಸಿದರು. ಡಾಕ್ಟರು ಅದನ್ನು ಮುಟ್ಟದೆ ಎದ್ದು ಹೋದರು. ಆಮೇಲೆ ಮ್ಯಾನೇಜರ್ ನನ್ನ ಕಡೆ ತಿರುಗಿ, “ಈ ಜನಕ್ಕೆ ನೆಟ್ಟಗೆ ಮಾತಾಡೋಕೇ ಬರಲ್ಲ. ಫೋನಿನಲ್ಲಿ ಹೇಗೆ ಮಾತಾಡ್ಬೇಕು ಅಂತ ಒಂದು ಕರಪತ್ರ ಬರ್ದುಕೊಡು, ಹಳ್ಳಿ ಹಳ್ಳಿಗೆ ಹಂಚಿಸೋಣ” ಎಂದರು.

ನನ್ನ ಕಿವಿ ಸುಟ್ಟ ಹಾಗಾಯಿತು. ಕರು ಕಳೆದುಕೊಂಡವಳಿಗೆ ನಾವು ಕನ್ನಡ ಕಲಿಸಬೇಕಂತೆ. ಅವಳು ಆಡಿದ್ದು ಚೊಕ್ಕ ಕನ್ನಡ. ಆ ಮಾತಿನ ಅರ್ಥವನ್ನು ಯಂತ್ರಕ್ಕೆ ತಿಳಿಸಿದ್ದ ಸಾಲನ್ನು ಅಳಿಸಿದ ಬೆರಳು ಇದೇ ಮನುಷ್ಯನದು.

ಮರುದಿನ ರಜೆ ಹಾಕಿ ಬಸ್ಸು ಹತ್ತಿ ಆಕೆಯ ಮನೆಗೆ ಹೋದೆ. ಯಾಕೆ ಹೋದೆನೋ, ಆಫೀಸಿನ ಪರವಾಗಿ ಯಾರಾದರೂ ಮುಖ ತೋರಿಸಬೇಕು ಅನ್ನಿಸಿತ್ತು. ಆಕೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದರು. ನಾನು ಯಾರೆಂದು ಹೇಳಿದೆ. ಕೂರಿ ಎನ್ನಲಿಲ್ಲ.

“ಮುಗಿಸ್ಬುಡು ಅಂತ ನಾನೆಲ್ಲಿ ಅಂದೆ ಕಣವ್ವ? ಹಸ ಅಲ್ಲಿ ಬಿದ್ದು ಒದ್ದಾಡ್ತಿತ್ತು. ಸಾಕಾಯ್ತು ಅಂದೆ. ಇನ್ನೇನ್ ಅನ್ಲಿ?”

“ನೀವು ಅಂದಿದ್ದು ಸರಿಯಾಗೇ ಇತ್ತವ್ವ.”

“ಸರಿಯಾಗಿದ್ರೆ ನನ್ ಕರ ಯಾಕ್ ಸತ್ತೋಯ್ತು?”

ಕೊಟ್ಟಿಗೆಯಲ್ಲಿ ಹಸು ಮಲಗಿತ್ತು. ಮುಂದಿಟ್ಟ ಹುಲ್ಲನ್ನು ಮೂಸಿಯೂ ನೋಡಿರಲಿಲ್ಲ. ಅದರ ಕೊರಳು ಸವರಿ ಬಂದೆ.

ಕರಪತ್ರ ಬರೆಯುವುದಿಲ್ಲ ಎಂದು ಮಾರನೆಯ ದಿನ ಎಲ್ಲರ ಮುಂದೆ ಹೇಳಿದೆ. “ಹಳ್ಳಿಯವರು ಹೇಗೆ ಮಾತಾಡ್ತಾರೋ ಹಾಗೇ ಮಾತಾಡ್ಲಿ ಸಾರ್. ಬದಲಾಗ್ಬೇಕಾದ್ದು ನೀವು ಉಳಿಸಿರೋ ಆ ಲೈನು.”

“ಒಂದು ಕರುಗೆ ಇಷ್ಟೊಂದು ಯಾಕಮ್ಮ?” ಎಂದರು ಮ್ಯಾನೇಜರ್.

ಅವರು ಜಗ್ಗಿದ್ದು ನನ್ನ ಮಾತಿಗಲ್ಲ. ವಿವರಣೆ ಸರಿಯಾಗುವ ತನಕ ನಿಮ್ಮ ಸಾಫ್ಟ್‌ವೇರ್ ಮುಟ್ಟುವುದಿಲ್ಲ ಎಂದು ಆ ಡಾಕ್ಟರು ಹೇಳಿಕಳಿಸಿದರು, ಅವರ ಹಿಂದೆ ಮಾಗಡಿಯ ಡಾಕ್ಟರುಗಳೂ ಹೇಳಿದರು. ಆಗ ಮ್ಯಾನೇಜರ್ ನನ್ನನ್ನು ಕರೆದು, “ನಿನ್ನ ಪುರಾಣನೇ ಹಾಕಮ್ಮ” ಎಂದರು. ಹಾಕಿದೆ. ‘ಮುಗೀತು ನಮ್ ಕತೆ’, ‘ಬುಟ್ಬುಡಿ ಅತ್ಲಾಗೆ’ ಎಂದು ಬೇಸತ್ತವರು ಆಡುವ ಮಾತುಗಳನ್ನೂ ಸೇರಿಸಿದೆ. ಬೇರೆ ಟೂಲ್‌ಗಳ ವಿವರಣೆಯನ್ನೂ ಒಂದೊಂದಾಗಿ ತಿದ್ದಿದೆ, ಯಾರನ್ನೂ ಕೇಳಲು ಹೋಗಲಿಲ್ಲ. ಬೇಸರದ ಮಾತು ಬಂದಾಗ ಏಜೆಂಟ್ ಈಗ, “ಡಾಕ್ಟರು ಬಂದಿದ್ದರಾ?” ಎಂದು ಕೇಳುತ್ತದೆ.

ಕಳೆದ ವಾರ ಚನ್ನಪಟ್ಟಣದಲ್ಲಿ ಹೊಸ ಗಿರಾಕಿಗಳ ಸಭೆ ಇತ್ತು. ವಿವರಣೆಗಳು ಇಷ್ಟು ಉದ್ದ ಯಾಕೆ ಎಂದು ಒಬ್ಬರು ಕೇಳಿದರು. ನಮ್ಮ ಮ್ಯಾನೇಜರ್ ಕೈ ಕಟ್ಟಿಕೊಂಡು, “ಹಳ್ಳಿ ಜನರ ಮಾತಿಗೆ ನಾವು ಮೊದಲಿಂದಲೂ ಬೆಲೆ ಕೊಡ್ತೀವಿ” ಎಂದರು. ನಾನು ಎದ್ದು ನಿಂತೆ. ನಾನು ಬರೆದದ್ದನ್ನು ಅವರು ಹೇಗೆ ಅಳಿಸಿದರು, ಆ ಹೆಂಗಸಿನ ಕರು ಹೇಗೆ ಸತ್ತಿತು, ಎರಡನ್ನೂ ಅಲ್ಲಿದ್ದವರಿಗೆ ಹೇಳಿದೆ. ಅಂದಿನಿಂದ ಅವರು ನನ್ನೊಡನೆ ಮಾತಾಡಿಲ್ಲ. ನಾನೂ ಮಾತಾಡಿಸಿಲ್ಲ.