ಗಂಜಿ ನೀರಿನ ಹುಲ್ಲು

ಕಮತಗಿಯ ನಮ್ಮ ಓಣಿಯಲ್ಲಿ ಆಡು ಕಟ್ಟಿದ ನೇಕಾರರ ಮನೆ ನಮ್ಮದೊಂದೇ. ಆ ಹಟ ನನ್ನದು. ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಹಾಸಿನ ನೂಲೆಲ್ಲ ಅವುಗಳ ಹೊಟ್ಟೆಗೆ ಹೋಗುತ್ತದೆ ಎಂದು ಅತ್ತೆ ಎಚ್ಚರಿಸಿದರು, ಗಂಡ ನಕ್ಕರು, ಓಣಿಯವರು "ಇನ್ನ ನಿಮ್ಮ ಸೀರಿಗೆ ಕೊಂಬು ಮೂಡ್ತಾವು" ಎಂದು ಚೇಷ್ಟೆ ಮಾಡಿದರು. ಬೇಡ ಎಂದರೆ ನನಗೆ ಅದೇ ಬೇಕಾಗುತ್ತದೆ. ಆರು ಆಡು ತಂದೆ.

ಮಳೆಗಾಲ ಮುಗಿಯುವಷ್ಟರಲ್ಲಿ ಎರಡು ಸತ್ತವು. ಎರಡಕ್ಕೂ ಗದ್ದದ ಕೆಳಗೆ ನೀರು ತುಂಬಿದ ಸಣ್ಣ ಚೀಲದಂಥ ಬಾವು ಬಂದಿತ್ತು. ಏನೋ ಕಡಿದಿರಬೇಕೆಂದು ಅರಿಶಿಣ, ಸುಣ್ಣ ಹಚ್ಚಿದೆವು. ಪಕ್ಕದ ಮನೆಯವರು ಕೊಟ್ಟ ಬಾಟಲಿಯ ತಳದ ಜಂತಿನ ಔಷಧವನ್ನೂ ಮುಚ್ಚಳದಲ್ಲಿ ಅಳೆದು ಎಲ್ಲಕ್ಕೂ ಕುಡಿಸಿದೆ. ನೂಲಿನ ಒಂದು ಎಳೆ ಹೆಚ್ಚುಕಡಿಮೆಯಾದರೆ ಬೈಯುವ ನಾನು ಔಷಧವನ್ನು ಅಂದಾಜಿನ ಮೇಲೆ ಕೊಟ್ಟಿದ್ದೆ.

ಉಳಿದ ನಾಲ್ಕರಲ್ಲಿ ಕರಿ ಆಡು ಮೊದಲ ಸಲ ಗಬ್ಬವಾಗಿತ್ತು. ಅದಕ್ಕೂ ಗದ್ದದ ಬಾವು ಬಂದು ಮೂಲೆ ಹಿಡಿದು ಮಲಗಿದಾಗ ದನದ ದವಾಖಾನೆಗೆ ಓಡಿದೆ. ಡಾಕ್ಟರು ಮನೆಗೇ ಬಂದರು. ಬಾವು ಮುಟ್ಟಲೇ ಇಲ್ಲ; ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದರು. ಒಳಗೆ ಬೆಳ್ಳಗಿತ್ತು. ಮುಚ್ಚಳದಲ್ಲಿ ಔಷಧ ಕುಡಿಸಿದ್ದನ್ನೂ ಹೇಳಿದೆ.

"ರಕ್ತನ ಇಲ್ರಿ ಅಕ್ಕಾರ ಇದರಾಗ. ಹೊಟ್ಟ್ಯಾಗ ಜಂತು ಕುಂತು ಕುಡಿಯಾಕತ್ತಾವು. ಅಳತಿ ಕಡಿಮಿ ಆತಂದ್ರ ಜಂತು ಸಾಯಂಗಿಲ್ಲ, ಔಷಧಕ್ಕ ಗಟ್ಟಿ ಆಗ್ತಾವು."

ಒಂದೊಂದನ್ನೂ ತೂಗಿ, ಗಬ್ಬದ ಆಡಿಗೆ ನಡೆಯುವ ಔಷಧವನ್ನೇ ಆರಿಸಿ ಕುಡಿಸಿದರು. ಬಾವು ಇಳಿಯಿತು. ಗೆದ್ದೆ ಅಂದುಕೊಂಡೆ. ಐದನೆಯ ವಾರಕ್ಕೆ ಕರಿ ಆಡಿನ ರೆಪ್ಪೆ ಮತ್ತೆ ಬಿಳುಚಿತು.

ಈ ಸಲ ಡಾಕ್ಟರು ಬೆಳಿಗ್ಗೆಯೇ ಬಂದು, "ಎಲ್ಲಿ ಮೇಯಿಸ್ತೀರಿ?" ಎಂದು ಕೇಳಿದರು. ನಾನು ಹೆಮ್ಮೆಯಿಂದ ಹಿತ್ತಲಿಗೆ ಕರೆದೊಯ್ದೆ. ದೀಪಾವಳಿ ಕಳೆದು ಊರ ಸುತ್ತಲಿನ ಹುಲ್ಲು ಒಣಗಿದರೂ ನಮ್ಮ ಹಿತ್ತಲು ಹಸಿರಾಗಿರುತ್ತಿತ್ತು. ಹಾಸಿನ ನೂಲಿಗೆ ಗಂಜಿ ಹಾಕಿ ಉಳಿದ ನೀರು, ನೂಲು ತೊಳೆದ ನೀರು ಎಲ್ಲವನ್ನೂ ಅತ್ತೆ ಕೊಡ ಕೊಡವಾಗಿ ಹೊತ್ತು ಅಲ್ಲಿ ಸುರಿಯುತ್ತಿದ್ದರು. ಕಣ್ಣು ಮಂಜಾಗಿ ಮಗ್ಗ ಬಿಟ್ಟ ಮೇಲೆ ಅವರಿಗೆ ಉಳಿದಿದ್ದ ಕೆಲಸ ಅದೊಂದೇ. ಆಡುಗಳನ್ನು ಅಲ್ಲೇ ಗೂಟಕ್ಕೆ ಕಟ್ಟುತ್ತಿದ್ದೆವು.

ಡಾಕ್ಟರು ಕುಕ್ಕರಗಾಲಿನಲ್ಲಿ ಕೂತು ಒದ್ದೆ ಹುಲ್ಲನ್ನು ಸವರಿದರು. "ಹಿಕ್ಕಿ ಇಲ್ಲೇ, ನೀರು ಇಲ್ಲೇ, ಮೇವೂ ಇಲ್ಲೇ. ಹಿಕ್ಕಿಯಾಗಿನ ತತ್ತಿ ಹಸಿಯೊಳಗ ಒಡದು, ಜಂತಿನ ಮರಿ ಈ ಎಲಿ ಮ್ಯಾಲ ಹತ್ತಿ ಕುಂದರ್ತಾವು. ನಾ ಔಷಧ ಕೊಡ್ತೇನಿ, ನೀವು ಮತ್ತ ಜಂತು ತಿನಸ್ತೀರಿ."

ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದವು. ಅವರು ಹೋದ ಮೇಲೆ ರೋಗ ಹಿತ್ತಲ ಹುಲ್ಲಿನದೇ ಎಂದು ಅತ್ತೆಗೆ ಸುತ್ತಿ ಬಳಸದೆ ಹೇಳಿದೆ. ಎರಡು ದಿನ ಅವರು ನನ್ನೊಡನೆ ಮಾತು ಬಿಟ್ಟರು. ಮೂರನೆಯ ದಿನ ಕಾಲುವೆ ತೋಡಿ ನೀರನ್ನು ಗೋಡೆಯಾಚೆಯ ನುಗ್ಗೆ ಗಿಡಕ್ಕೆ ತಿರುಗಿಸಿದೆ. ಸಂಜೆ ನೋಡಿದರೆ ಅತ್ತೆ ಅದಕ್ಕೆ ಕಲ್ಲು ಅಡ್ಡ ಇಟ್ಟಿದ್ದರು. ನಾನು ತೆಗೆದೆ. ಮರುದಿನ ಮತ್ತೆ ಕಲ್ಲು. ಆಡುಗಳನ್ನು ಮುಂದಿನ ಅಂಗಳಕ್ಕೆ ತಂದು, ಜಾಲಿಯ ಸೊಪ್ಪನ್ನು ಹಗ್ಗಕ್ಕೆ ಎತ್ತರದಲ್ಲಿ ತೂಗುಹಾಕಿದೆ. ನಾನು ಮಗ್ಗದಲ್ಲಿ ಕೂತ ಹೊತ್ತು ನೋಡಿ ಅತ್ತೆ ಹಿತ್ತಲ ಹುಲ್ಲನ್ನು ಹಿಡಿಹಿಡಿಯಾಗಿ ಕೊಯ್ದು ತಂದು ತಿನ್ನಿಸುತ್ತಿದ್ದರು. ಹಟದಲ್ಲಿ ನಾನು ಅವರಿಗೆ ತಕ್ಕ ಸೊಸೆ.

ಕರಿ ಆಡಿಗೆ ದಿನ ತುಂಬುತ್ತ ಬಂದಿತ್ತು. ನಿಂತರೆ ಕಾಲು ನಡುಗುತ್ತಿತ್ತು. ಹೀಗೇ ಬಿಟ್ಟರೆ ಮರಿ ಹಾಕುವ ಶಕ್ತಿ ಇದಕ್ಕೆ ಉಳಿಯುವುದಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿ ಮತ್ತೊಮ್ಮೆ ಔಷಧ ಕೊಟ್ಟರು. ರೆಪ್ಪೆಯ ಬಣ್ಣ ಹೋಲಿಸಲು ತಮ್ಮ ಮೊಬೈಲಿನಲ್ಲಿದ್ದ ಪಟ್ಟಿಯನ್ನೂ ತೋರಿಸಿದರು. ಅಚ್ಚ ಕೆಂಪಿನಿಂದ ಬಿಳಿಯವರೆಗೆ ಐದು ಬಣ್ಣ; ಮೊದಲೆರಡಕ್ಕೆ ಹೊಂದಿದರೆ ಚಿಂತೆಯಿಲ್ಲ.

ಕೆಂಪು ನಮಗೆ ಪಟ್ಟಿ ನೋಡಿ ಕಲಿಯಬೇಕಾದ ಬಣ್ಣವಲ್ಲ. ಉಳಿಕೆ ನೂಲಿನ ಡಬ್ಬಿ ತೆಗೆದು ಐದು ಎಳೆ ಆರಿಸಿದೆ: ಮೊದಲನೆಯದು ಸೆರಗಿನ ಕೆಂಪು, ಕೊನೆಯದು ಬಣ್ಣ ಕಾಣದ ಬಿಳಿ. ಅತ್ತೆಯ ಕೈ ಹಿಡಿದು ಬಿಸಿಲಿನಲ್ಲಿ ಕೂರಿಸಿ, ಕರಿ ಆಡಿನ ರೆಪ್ಪೆ ಎಳೆದು ಹಿಡಿದೆ.

"ಯಾವ ನೂಲು ಹೊಂದತೈತಿ, ನೀವ ಹೇಳ್ರಿ ಅತ್ಯಾರ."

ಅವರು ಒಂದೊಂದೇ ಎಳೆಯನ್ನು ಮೂಗಿನ ಹತ್ತಿರ ತಂದು, ರೆಪ್ಪೆಯ ಪಕ್ಕಕ್ಕೆ ಹಿಡಿದರು. ಮೊದಲ ಮೂರನ್ನು ಕೆಳಗಿಟ್ಟರು. ನಾಲ್ಕನೆಯದನ್ನೂ ಇಟ್ಟರು. ಬಿಳಿ ನೂಲು ಕೈಯಲ್ಲಿ ಉಳಿಯಿತು.

"ನನ್ನ ಹುಲ್ಲಿನಿಂದನಾ?"

"ಹೌದ್ರಿ." ಮೆತ್ತಗೆ ಹೇಳಲು ನನಗೆ ಬರಲಿಲ್ಲ.

ಮರುದಿನ ನಾನು ಏಳುವ ಮೊದಲೇ ಹಿತ್ತಲಲ್ಲಿ ಸಪ್ಪಳ ಕೇಳಿತು. ಅತ್ತೆ ಕುರ್ಪಿ ಹಿಡಿದು ಹುಲ್ಲನ್ನು ಬೇರುಸಹಿತ ಕೀಳುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಅಷ್ಟೂ ನೆಲ ಬೋಳಾಗಿತ್ತು. ಅಂದಿನಿಂದ ಸೊಪ್ಪು ಕಟ್ಟುವುದು, ಹಿಕ್ಕಿ ಗುಡಿಸಿ ದೂರದ ತಿಪ್ಪೆಗೆ ಹಾಕುವುದು, ದಿನಾ ರೆಪ್ಪೆ ನೋಡುವುದು ಅತ್ತೆಯ ಪಾಲಿಗೆ ಬಂತು. ನಾನು ಕೈ ಹಾಕಿದರೆ ಬೈಸಿಕೊಳ್ಳುತ್ತಿದ್ದೆ.

ಮೂರು ವಾರ ಬಿಟ್ಟು, ಒಂದು ಮಧ್ಯಾಹ್ನ ಕರಿ ಆಡು ಎರಡು ಮರಿ ಹಾಕಿತು. ಎರಡೂ ಎದ್ದು ನಿಂತವು. ನಾನು ಅಳುತ್ತ ಮರಿಗಳನ್ನು ಒರೆಸುತ್ತಿದ್ದೆ. ಅತ್ತೆ ಮರಿಗಳ ಕಡೆ ತಿರುಗಲೂ ಇಲ್ಲ. ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ರೆಪ್ಪೆ ಎಳೆದು, ನೂಲು ಹಿಡಿದು ಬಹಳ ಹೊತ್ತು ನೋಡಿದರು.

"ಇನ್ನೂ ಮೂರನೇ ನೂಲಿಗೇ ನಿಂತೈತಿ," ಅಂದರು. "ಅಳೂದು ಆಮ್ಯಾಲ. ಮೊದಲ ಡಾಕ್ಟರಿಗೆ ಫೋನ್ ಹಚ್ಚು."